ಅರ್ಜಿಯ ಮುದ್ರಣದಲ್ಲಿ ಭಾವಚಿತ್ರ ಮತ್ತು ಸಹಿಯ ಅಳತೆ

ಆನ್‌ಲೈನ್ ಅರ್ಜಿಯೊಂದಿಗೆ ಲಗತ್ತಿಸಿದ ಭಾವಚಿತ್ರ ಹಾಗೂ ಸಹಿಯನ್ನು ಪ್ರವೇಶಪತ್ರ, ಗುರುತಿನ ಚೀಟಿ ಮುಂತಾದವುಗಳ ಪುಟದಲ್ಲಿ ಜೋಡಿಸುವುದು ಸಾಮಾನ್ಯವಾಗಿ ಸ್ವಯಂಚಾಲಿತ ಪುಟವಿನ್ಯಾಸ ತಂತ್ರಾಂಶವೇ ಹೊರತು ಸಿಬ್ಬಂದಿಯಲ್ಲ. ಚಿತ್ರದ ಅಳತೆಯನ್ನು ಈ ತಂತ್ರಾಂಶವು ಕಡತದೊಳಗಿನ ವಿವರದಿಂದ ತಿಳಿಯುತ್ತದೆ. ಆ ವಿವರವು ಕಡತದ ಬಗೆಯನ್ನು ಅವಲಂಬಿಸಿರುತ್ತದೆ.

ಜೆಪಿಜಿ ಮತ್ತು ಪಿಎನ್‌ಜಿ ಕಡತಗಳಲ್ಲಿ ಪಿಕ್ಸೆಲ್‌ಗಳ ಎಣಿಕೆ ಇರುತ್ತದೆ. ಇದರೊಂದಿಗೆ ಸಾಂದ್ರತೆಯೂ, ಅಂದರೆ ನಿಗದಿತ ಉದ್ದಕ್ಕೆ ಎಷ್ಟು ಪಿಕ್ಸೆಲ್ ಎಂಬುದೂ, ದಾಖಲಾಗಿರಬಹುದು: ಜೆಪಿಜಿಯಲ್ಲಿ ಸಾಮಾನ್ಯವಾಗಿ ಇಂಚಿಗೆ, ಪಿಎನ್‌ಜಿಯಲ್ಲಿ ಮೀಟರಿಗೆ. ದಾಖಲಾಗದಿದ್ದಲ್ಲಿ ತಂತ್ರಾಂಶವು ತನ್ನದೇ ಪೂರ್ವನಿಗದಿತ ಸಂಖ್ಯೆಯನ್ನು ಬಳಸುತ್ತದೆ. ಪಿಡಿಎಫ್‌ಟೆಕ್‌ನಲ್ಲಿ ಅದು ಇಂಚಿಗೆ 72, ಪ್ಯಾನ್‌ಡಾಕ್‌ನಲ್ಲಿ 96.

ಬಹುತೇಕ ತೊಡಕುಗಳ ಮೂಲ ಇದೇ. 3.5 ಸೆಂ.ಮೀ. ಅಗಲ ಮತ್ತು 4.5 ಸೆಂ.ಮೀ. ಎತ್ತರದ ಭಾವಚಿತ್ರವನ್ನು ಇಂಚಿಗೆ 300ರಂತೆ ಸ್ಕ್ಯಾನ್ ಮಾಡಿದಾಗ ಸುಮಾರು 413 × 531 ಪಿಕ್ಸೆಲ್ ಆಗುತ್ತದೆ. ಸಾಂದ್ರತೆಯ ದಾಖಲೆ ಅಳಿಸಿಹೋಗಿ 72ರಂತೆ ಲೆಕ್ಕವಾದರೆ, ಅದೇ ಚಿತ್ರವು ಸುಮಾರು 14.6 × 18.7 ಸೆಂ.ಮೀ. ಆಗಿ ಎ4 ಹಾಳೆಯ ಅರ್ಧಕ್ಕೆ ತುಸು ಕಡಿಮೆ ಭಾಗವನ್ನು ಆಕ್ರಮಿಸುತ್ತದೆ.

ಆದ್ದರಿಂದ ಅನೇಕ ನಮೂನೆಗಳಲ್ಲಿ ಚಿತ್ರಕ್ಕೆ ನಿಗದಿತ ಚೌಕಟ್ಟು ಇರುತ್ತದೆ. ಆಗ ಸಾಂದ್ರತೆಗಿಂತ ಅಗಲ ಮತ್ತು ಎತ್ತರಗಳ ಅನುಪಾತವೇ ಮುಖ್ಯ. ಚದರಾಕಾರದ ಚಿತ್ರವನ್ನು 3.5 × 4.5ರ ಚೌಕಟ್ಟಿಗೆ ಬಲವಂತವಾಗಿ ಹೊಂದಿಸಿದರೆ ಮುಖವು ಉದ್ದವಾಗಿ ಕಾಣುವುದು. ಗುರುತು ಪರಿಶೀಲನೆಯ ವೇಳೆ ಇದರಿಂದ ಅರ್ಜಿದಾರರಿಗೇ ತೊಂದರೆ.

ಪಿಡಿಎಫ್ ಕಡತದ ವಿಷಯ ಬೇರೆ. ಅದರಲ್ಲಿ ಪುಟದ ಅಳತೆಯು ಇಂಚಿಗೆ 72 ಪಾಯಿಂಟ್‌ನಂತೆ ದಾಖಲಾಗಿರುತ್ತದೆ. ಎ4 ಪುಟವೆಂದರೆ ಸುಮಾರು 595 × 842 ಪಾಯಿಂಟ್. ಬಿಳಿ ಹಾಳೆಯ ಮೂಲೆಯಲ್ಲಿ ಸಹಿ ಮಾಡಿ ಇಡೀ ಹಾಳೆಯನ್ನು ಪಿಡಿಎಫ್ ಆಗಿ ಸ್ಕ್ಯಾನ್ ಮಾಡಿದರೆ, ಇಡೀ ಹಾಳೆಯೇ ಸಹಿಯ ಚೌಕಟ್ಟಿನೊಳಗೆ ಕುಗ್ಗಿ ಸಹಿಯು ಚುಕ್ಕೆಯಂತಾಗುವುದು. ಸಹಿಯ ಸುತ್ತಲಿನ ಖಾಲಿ ಜಾಗವನ್ನು ಮೊದಲೇ ಕತ್ತರಿಸತಕ್ಕದ್ದು.

ಕಡತದ ಕೆಬಿ ಗಾತ್ರಕ್ಕೂ ಮುದ್ರಣದ ಅಳತೆಗೂ ನೇರ ಸಂಬಂಧವಿಲ್ಲ. ಜೆಪಿಜಿಯ ಗುಣಮಟ್ಟ ತಗ್ಗಿಸಿ ಕೆಬಿ ಇಳಿಸಿದರೂ ಪಿಕ್ಸೆಲ್‌ಗಳು ಅಷ್ಟೇ ಉಳಿಯುತ್ತವೆ. ಆದರೆ ಸಹಿಯ ಗೆರೆಗಳ ಸುತ್ತ ಮಸುಕು ಮೂಡುವುದುಂಟು. ನಮೂನೆಯಲ್ಲಿ ಅವಕಾಶವಿದ್ದರೆ ಸಹಿಗೆ ಪಿಎನ್‌ಜಿ ಸೂಕ್ತ. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಮಾತ್ರ ತಿದ್ದಿದರೆ ಕಡತದ ಬಗೆ ಬದಲಾಗುವುದಿಲ್ಲ. ಅಂತಹ ಕಡತವನ್ನು ತಂತ್ರಾಂಶವು ತಿರಸ್ಕರಿಸಬಹುದು.

ಮೊಬೈಲ್‌ನಲ್ಲಿ ತೆಗೆದ ಜೆಪಿಜಿ ಚಿತ್ರದ ದಿಕ್ಕು ಪ್ರತ್ಯೇಕ ಸೂಚನೆಯಾಗಿ ಕಡತದಲ್ಲಿರುತ್ತದೆ. ಅದನ್ನು ಓದದ ತಂತ್ರಾಂಶದಲ್ಲಿ ಚಿತ್ರವು ಅಡ್ಡಲಾಗಿ ಮುದ್ರಿತವಾಗುವ ಕಾರಣ, ಅರ್ಜಿದಾರರು ಅಂತಿಮವಾಗಿ ಸಲ್ಲಿಸುವ ಮುನ್ನ ಮುದ್ರಣ ಮುನ್ನೋಟವನ್ನು ತೆರೆದು ಪರಿಶೀಲಿಸತಕ್ಕದ್ದು.