ಮಗುವನ್ನು ಯಾರ ಕೈಗೆ ಕೊಡುತ್ತಾರೆ?

ಕಳೆದ ವಸಂತದಲ್ಲಿ ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳ ಒಂದು ಸಭೆಯಲ್ಲಿ ಶಾಲೆಗಳ ತುರ್ತು ಸಿದ್ಧತೆ ಕುರಿತು ಮಾತನಾಡಿದೆ. ಆಮೇಲೆ ಬಂದ ಪ್ರಶ್ನೆಗಳೆಲ್ಲ ಬಂದೂಕಿನ ಸುತ್ತಲೇ ತಿರುಗಿದವು. ಗುಂಡು ತಡೆಯುವ ಬ್ಯಾಗು ಕೊಳ್ಳಬಹುದೇ, ಟೀಚರ್‌ಗಳ ಕೊರಳಿನ ಪ್ಯಾನಿಕ್ ಬಟನ್ ನಮ್ಮ ಕೌಂಟಿಯಲ್ಲಿ ಇದೆಯೇ, ತರಗತಿಯ ಬಾಗಿಲಿಗೆ ಎಂಥ ಚಿಲಕ ಇರಬೇಕು. ಕೊನೆಗೆ ಹಿಂದಿನ ಸಾಲಿನಿಂದ, ಆರು ತಿಂಗಳ ಮಟ್ಟಿಗೆ ಹಾಸನದಿಂದ ಬಂದಿದ್ದ ಅಜ್ಜಿಯೊಬ್ಬರು ಎದ್ದು ನಿಂತರು. "ಶಾಲೆಗೆ ಏನಾದ್ರೂ ಆಗಿ ಮಕ್ಕಳನ್ನ ಬೇರೆ ಕಡೆ ಕರ್ಕೊಂಡು ಹೋದ್ರು ಅಂತ ಇಟ್ಕೊಳ್ಳಿ. ಮಗಳು ಅಳಿಯ ಇಬ್ರೂ ಆಫೀಸಲ್ಲಿ. ನಾನು ಹೋಗಿ ಕೇಳಿದ್ರೆ ಮೊಮ್ಮಗನ್ನ ನನ್ನ ಕೈಗೆ ಕೊಡ್ತಾರೇನಮ್ಮ?"

ಮೇರಿಲ್ಯಾಂಡ್‌ನ ಶಾಲೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವಳು ನಾನು. ಅದರಲ್ಲಿ ಬಹುಕಾಲ ಶಾಲೆಯ ತುರ್ತು ತಂಡದಲ್ಲೂ ಇದ್ದೆ. ಅಷ್ಟು ವರ್ಷಗಳಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶಾಲೆಯಲ್ಲಿರುವ ಎಮರ್ಜೆನ್ಸಿ ಕಾರ್ಡಿನಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಕೊಡುವುದಿಲ್ಲ ಎಂದೆ. ಈ ಕ್ಷೇತ್ರ ನೂರು ವರ್ಷಗಳಲ್ಲಿ ಏನು ಕಲಿತಿದೆ, ಎಲ್ಲಿ ನಿಂತುಹೋಗಿದೆ ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕೆನ್ನಿಸಿದ್ದು ಅಂದು ರಾತ್ರಿ.

ಮೊದಲ ಪಾಠಗಳನ್ನು ಕಲಿಸಿದ್ದು ಬೆಂಕಿ. 1908ರಲ್ಲಿ ಒಹಾಯೋದ ಕಾಲಿನ್‌ವುಡ್ ಶಾಲೆಯಲ್ಲಿ 172 ಮಕ್ಕಳು ಸತ್ತರು. 1923ರ ಮೇ 17ರಂದು ದಕ್ಷಿಣ ಕೆರೊಲಿನಾದ ಕ್ಯಾಮ್ಡನ್ ಪಟ್ಟಣದ ಹತ್ತಿರದ ಕ್ಲೀವ್‌ಲ್ಯಾಂಡ್ ಶಾಲೆಯಲ್ಲಿ ವರ್ಷಾಂತ್ಯದ ನಾಟಕ ನಡೆಯುತ್ತಿತ್ತು. ಮಹಡಿಯ ಮೇಲಿನ ಸಭಾಂಗಣ, ತೂಗುದೀಪ, ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು. ದೀಪ ಬಿದ್ದು ಬೆಂಕಿ ಹತ್ತಿಕೊಂಡಾಗ 77 ಜನರಿಗೆ ಹೊರಗೆ ಬರಲಾಗಲಿಲ್ಲ. ನಾಟಕ ನೋಡಲು ಬಂದ ತಂದೆತಾಯಿಯರೂ ಅದರಲ್ಲಿದ್ದರು. 1958ರ ಡಿಸೆಂಬರ್ 1ರಂದು ಶಿಕಾಗೋದ ಅವರ್ ಲೇಡಿ ಆಫ್ ದಿ ಏಂಜೆಲ್ಸ್ ಶಾಲೆಯಲ್ಲಿ 92 ಮಕ್ಕಳು, ಮೂವರು ಕ್ರೈಸ್ತ ಸನ್ಯಾಸಿನಿಯರು ಪ್ರಾಣ ಬಿಟ್ಟರು. ಹೊರಕ್ಕೆ ತೆರೆಯುವ ಬಾಗಿಲು, ಎರಡನೆಯ ಮೆಟ್ಟಿಲು, ಹೊಗೆ ತಡೆಯುವ ಗೋಡೆ, ತಪ್ಪದ ಡ್ರಿಲ್, ಇವೆಲ್ಲ ಕಡ್ಡಾಯವಾದದ್ದು ಇಂಥ ಸಾವುಗಳ ಮೇಲೆ. ಶಿಕಾಗೋದ ನಂತರ ಅಮೆರಿಕದ ಶಾಲೆಗಳಲ್ಲಿ ಅಂಥ ಅಗ್ನಿದುರಂತ ಮತ್ತೆ ಆಗಿಲ್ಲ. ಈ ಕ್ಷೇತ್ರದ ಅತಿ ದೊಡ್ಡ ಗೆಲುವು ಇದೇ, ಆದರೂ ಇದನ್ನು ನೆನೆಯುವವರಿಲ್ಲ. ನಮ್ಮ ಕಡೆಯವರು 2004ರ ಕುಂಭಕೋಣವನ್ನು ನೆನೆಸಿಕೊಂಡರೆ ಈ ಗೆಲುವಿನ ಬೆಲೆ ತಿಳಿಯುತ್ತದೆ. ಅಲ್ಲಿ ತೆಂಗಿನ ಗರಿಯ ಚಾವಣಿಗೆ ಬೆಂಕಿ ತಗುಲಿ 94 ಮಕ್ಕಳು ಬೆಂದುಹೋದರು.

ಅಣುಬಾಂಬಿನ ಭಯದ ಐವತ್ತರ ದಶಕವನ್ನು ಬೇಗ ದಾಟುತ್ತೇನೆ. ಡೆಸ್ಕಿನಡಿ ತಲೆ ಮುಚ್ಚಿ ಕೂರಿಸುತ್ತಿದ್ದ ಆ ಡ್ರಿಲ್‌ಗಳು ಮಕ್ಕಳಲ್ಲಿ ಭಯ ಬಿತ್ತಿದಷ್ಟು ರಕ್ಷಣೆ ಕೊಡಲಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಬಿರುಗಾಳಿಯ ಕಾಲದಲ್ಲಿ ಕೆರೊಲಿನಾಗಳಲ್ಲಿ ಶಾಲೆಯೇ ಊರಿನ ಆಸರೆ. 1989ರ ಸೆಪ್ಟೆಂಬರ್ 21ರ ರಾತ್ರಿ ಹ್ಯೂಗೊ ಚಂಡಮಾರುತ ಬಂದಾಗ ದಕ್ಷಿಣ ಕೆರೊಲಿನಾದ ಮೆಕ್‌ಕ್ಲೆಲನ್‌ವಿಲ್‌ನಲ್ಲಿ ನೂರಾರು ಜನ ಲಿಂಕನ್ ಹೈಸ್ಕೂಲಿನಲ್ಲಿ ಸೇರಿದ್ದರು. ಕಟ್ಟಡ ಸಮುದ್ರಮಟ್ಟಕ್ಕಿಂತ 20 ಅಡಿ ಎತ್ತರದಲ್ಲಿದೆ ಎಂದು ಕಾಗದದಲ್ಲಿತ್ತು. ನಿಜವಾಗಿ ಇದ್ದದ್ದು ಅದರ ಅರ್ಧ. ಕತ್ತಲೆಯಲ್ಲಿ ಕಡಲ ನೀರು ಒಳನುಗ್ಗಿ ಎದೆಮಟ್ಟ ಏರಿದಾಗ ಜನ ಮೇಜುಗಳ ಮೇಲೆ ಹತ್ತಿ, ಮಕ್ಕಳನ್ನು ತಲೆಯ ಮೇಲೆತ್ತಿ ಹಿಡಿದು ಬದುಕಿಕೊಂಡರು. ಹೊಸದಾಗಿ ತುರ್ತು ತಂಡ ಸೇರುವವರಿಗೆ ನಾನು ಮೊದಲು ಹೇಳುತ್ತಿದ್ದದ್ದು ಈ ಕಥೆ. ಪ್ಲಾನಿನಲ್ಲಿ ಬರೆದ ಪ್ರತಿ ಅಂಕಿಯನ್ನೂ ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರಬೇಕು.

ಇನ್ನು ನನ್ನ ಕಾಲ. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿ. ಸರಿಯಾಗಿ ಒಂದು ತಿಂಗಳಿಗೆ ಅಟ್ಲಾಂಟಾ ಹತ್ತಿರದ ಕಾನ್ಯರ್ಸ್‌ನ ಹೆರಿಟೇಜ್ ಹೈಸ್ಕೂಲಿನಲ್ಲಿ ಆರು ವಿದ್ಯಾರ್ಥಿಗಳಿಗೆ ಗುಂಡೇಟು. 2001ರ ಸೆಪ್ಟೆಂಬರ್ 11ರಂದು ಪೆಂಟಗನ್‌ಗೆ ಬಡಿದ ವಿಮಾನದಲ್ಲಿ ವಾಷಿಂಗ್ಟನ್ ನಗರದ ಶಾಲೆಗಳ ಮೂವರು ಆರನೇ ತರಗತಿಯ ಮಕ್ಕಳು, ಅವರ ಮೂವರು ಟೀಚರ್‌ಗಳು ಅಧ್ಯಯನ ಪ್ರವಾಸಕ್ಕೆಂದು ಹೊರಟಿದ್ದರು. ಅಂದು ಊರಿನ ತಂದೆತಾಯಿಗಳೆಲ್ಲ ಒಟ್ಟಿಗೆ ಶಾಲೆಯ ಬಾಗಿಲಿಗೆ ಬಂದಾಗ, ಯಾವ ಮಗುವನ್ನು ಯಾರ ಜೊತೆ ಕಳಿಸಿದೆವೆಂದು ಬರೆದುಕೊಳ್ಳಲು ನಮ್ಮ ಬಳಿ ಒಂದು ಹಾಳೆಯೂ ಸಿದ್ಧವಿರಲಿಲ್ಲ.

ಮರುವರ್ಷ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಸುತ್ತಮುತ್ತ, ಮರೆಯಿಂದ ಗುಂಡು ಹಾರಿಸುವ ಸ್ನೈಪರ್‌ಗಳ ಕಾಲ. ಮೂರು ವಾರಗಳಲ್ಲಿ ಹತ್ತು ಸಾವು, ಮೂವರಿಗೆ ಗಾಯ. ಅಕ್ಟೋಬರ್ 7ರ ಬೆಳಗ್ಗೆ ಮೇರಿಲ್ಯಾಂಡ್‌ನ ಬೋವಿಯ ಬೆಂಜಮಿನ್ ಟ್ಯಾಸ್ಕರ್ ಮಿಡ್ಲ್ ಸ್ಕೂಲಿನ ಎದುರು ಹದಿಮೂರು ವರ್ಷದ ಹುಡುಗನಿಗೆ ಗುಂಡು ತಗುಲಿತು. ಹುಡುಗ ಉಳಿದ. ಮಕ್ಕಳು ಎಲ್ಲಿಯೂ ಸುರಕ್ಷಿತರಲ್ಲ ಎಂಬ ಬೆದರಿಕೆಯ ಚೀಟಿಯೂ ಹೊರಬಿತ್ತು. ಮಾಂಟ್ಗೊಮೆರಿ ಕೌಂಟಿಯ ಶಾಲೆಗಳು ದಿನಗಟ್ಟಲೆ 'ಕೋಡ್ ಬ್ಲೂ'ನಲ್ಲಿ ನಡೆದವು. ಹೊರಬಾಗಿಲಿಗೆ ಬೀಗ, ಕಿಟಕಿಗೆ ಪರದೆ, ಆಟದ ಮೈದಾನ ಖಾಲಿ, ಒಳಗೆ ಮಾತ್ರ ಪಾಠ ಎಂದಿನಂತೆ. ಬಸ್ಸಿನಿಂದ ಬಾಗಿಲವರೆಗಿನ ಹತ್ತು ಹೆಜ್ಜೆಗೂ ಟೀಚರ್‌ಗಳು ಮೈಯನ್ನೇ ಗೋಡೆ ಮಾಡಿಕೊಂಡು ನಿಂತರು. ಅಕ್ಟೋಬರ್ 24ರಂದು ಹಂತಕರು ಸಿಕ್ಕಿಬಿದ್ದ ಬೆಳಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಅಳದವರಿರಲಿಲ್ಲ.

ಆ ಮೂರು ವಾರ ಈ ಕ್ಷೇತ್ರಕ್ಕೆ ಒಂದು ಹೊಸ ಭಾಷೆ ಕೊಟ್ಟಿತೆಂದು ನಾನು ನಂಬುತ್ತೇನೆ. ಆಪತ್ತು ಹೊರಗಿದ್ದರೆ ಒಂದು ನಡವಳಿಕೆ, ಒಳಗಿದ್ದರೆ ಇನ್ನೊಂದು ಎಂಬ ವ್ಯತ್ಯಾಸ ಆರು ವರ್ಷದ ಮಗುವಿಗೂ ತಿಳಿಯಿತು. ಬಣ್ಣದ ಸಂಕೇತಗಳನ್ನು ಮುಂದೆ ಕೈಬಿಟ್ಟರು. ಬದಲಿ ಟೀಚರ್‌ಗೆ, ಬಂದುಹೋಗುವ ಪೋಷಕರಿಗೆ ಅರ್ಥವಾಗದ ಸಂಕೇತದಿಂದ ಪ್ರಯೋಜನವಿಲ್ಲ. ಮೇರಿಲ್ಯಾಂಡ್ ನಿಯಮದಲ್ಲಿ ಆರು ಬಗೆಯ ಡ್ರಿಲ್‌ಗಳಿವೆ: ಹೊರಗೆ ಹೋಗುವುದು, ಹೊರಗಿದ್ದವರು ಒಳಗೆ ಬರುವುದು, ಇದ್ದಲ್ಲೇ ಆಸರೆ ಪಡೆಯುವುದು, ಲಾಕ್‌ಡೌನ್, ಭೂಕಂಪಕ್ಕೆ ಬಗ್ಗಿ ಅಡಗಿ ಹಿಡಿದುಕೊಳ್ಳುವುದು, ಬಿರುಗಾಳಿಗೆ ಸಿದ್ಧವಾಗುವುದು. ಕೊಲರಾಡೋದ ಐ ಲವ್ ಯು ಗಾಯ್ಸ್ ಫೌಂಡೇಶನ್ 2009ರಿಂದ ಹರಡಿದ ಸರಳ ಆಜ್ಞೆಗಳ ಪದ್ಧತಿ ಇದೇ ವಿಚಾರವನ್ನು ದೇಶಕ್ಕೆಲ್ಲ ಕೊಂಡೊಯ್ದಿತು. 2006ರಲ್ಲಿ ಶಾಲೆಯಲ್ಲಿಯೇ ಮಗಳನ್ನು ಕಳೆದುಕೊಂಡ ದಂಪತಿ ಕಟ್ಟಿದ ಸಂಸ್ಥೆ ಅದು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪೊಟೊಮ್ಯಾಕ್ ನದಿಯ ಆಚೆ ದಡದಲ್ಲಿ ಬೆಳೆದ ವಿಚಾರ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡ್ಯೂಯಿ ಕಾರ್ನೆಲ್ ಬೆದರಿಕೆಯ ಮಾತಾಡಿದ ಮಗುವನ್ನು ಶಾಲೆಯಿಂದ ಹೊರದಬ್ಬುವ ಬದಲು ಕೂರಿಸಿ ಕೇಳುವ ಕ್ರಮವನ್ನು ರೂಪಿಸಿದರು. ಇದು ಕೋಪದಲ್ಲಿ ಆಡಿದ ಮಾತೇ, ನಿಜವಾದ ಸಂಚೇ, ಮಗುವಿಗೆ ಏನು ನೆರವು ಬೇಕು ಎಂದು ಪ್ರಿನ್ಸಿಪಾಲ್, ಕೌನ್ಸೆಲರ್, ಪೊಲೀಸ್ ಒಟ್ಟಿಗೆ ಕೂತು ನೋಡುತ್ತಾರೆ. ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ಕೊಟ್ಟ ವರದಿಯ ಪ್ರಕಾರ, ಶೇಕಡಾ 81 ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಿಗಾದರೂ ದಾಳಿಯ ಸುಳಿವು ಮೊದಲೇ ಇತ್ತು. ಹಾಗೆ ತಿಳಿದಿದ್ದವರಲ್ಲಿ ಹೆಚ್ಚಿನವರು ಗೆಳೆಯರು, ಸಹಪಾಠಿಗಳು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ನಮ್ಮ ದೇಶದ ಪ್ರೊಫೆಸರ್ ಜಿ. ವಿ. ಲೋಗನಾಥನ್ ಸೇರಿ 32 ಜನ ಹತರಾದ ಮೇಲೆ ರಾಜ್ಯಕ್ಕೆ ಈ ದಾರಿಯ ಬೆಲೆ ತಿಳಿಯಿತು. 2013ರಲ್ಲಿ ಸರ್ಕಾರಿ ಶಾಲೆಗಳಿಗೆಲ್ಲ ಇಂಥ ತಂಡಗಳನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ವರ್ಜೀನಿಯಾ. ತನ್ನ ಗ್ರೇಟ್ ಮಿಲ್ಸ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿಯಾದ ಮೇಲೆ 2018ರಲ್ಲಿ ಮೇರಿಲ್ಯಾಂಡ್ ಕೂಡ ಆ ದಾರಿ ಹಿಡಿಯಿತು. ಹದಿನೈದು ವರ್ಷದ ಒಬ್ಬ ಹುಡುಗನ ಎದುರು ಎರಡು ಗಂಟೆ ಕೂತು, ಅವನು ಮನೆಯಲ್ಲಿ ಊಟ ಮಾಡಿ ಎಷ್ಟು ದಿನವಾಗಿದೆ ಎಂಬುದನ್ನು ಕೇಳಿಸಿಕೊಂಡ ಅನುಭವ ನನಗಿದೆ. ಯಾವ ಯಂತ್ರವೂ ಆ ಕೆಲಸ ಮಾಡಲಾರದು.

ಅದೇ 2013ರ ಆಗಸ್ಟ್ 20ರಂದು ಅಟ್ಲಾಂಟಾ ಮಗ್ಗುಲಿನ ಡಿಕಾಲ್ಬ್ ಕೌಂಟಿಯಲ್ಲಿ, ಮ್ಯಾಕ್‌ನೇರ್ ಪ್ರಾಥಮಿಕ ಶಾಲೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಆಂಟೊನೆಟ್ ಟಫ್ ಎದುರು ರೈಫಲ್ ಹಿಡಿದ ಯುವಕ ನಿಂತ. ಶಾಲೆಯಲ್ಲಿ 800ಕ್ಕೂ ಹೆಚ್ಚು ಮಕ್ಕಳು. ಆಕೆ ತನ್ನ ಬದುಕಿನ ನೋವನ್ನೇ ಹೇಳಿಕೊಂಡು, ಅವನನ್ನು ಮಗನಂತೆ ಮಾತನಾಡಿಸಿ, ಆಯುಧ ಕೆಳಗಿಡಿಸಿದರು. ಒಂದು ಮಗುವಿಗೂ ಗಾಯವಾಗಲಿಲ್ಲ. ಅದೇ ಬೇಸಿಗೆಯಲ್ಲಿ ಸ್ಯಾಂಡಿ ಹುಕ್ ಶಾಲೆಯ ಗುಂಡಿನ ದಾಳಿಯ ನಂತರದ ಕೇಂದ್ರ ಸರ್ಕಾರದ ಮಾರ್ಗದರ್ಶಿ ಬಂದಿತ್ತು. ಎಲ್ಲ ಅಪಾಯಗಳನ್ನೂ ತೂಗಿ ನೋಡುವ, ಚೇತರಿಕೆಯನ್ನೂ ಸೇರಿಸಿದ ಒಳ್ಳೆಯ ಪುಸ್ತಕ. ಜನ ಅದರಿಂದ ಎತ್ತಿಕೊಂಡದ್ದು 'ಓಡಿ, ಅಡಗಿ, ಹೋರಾಡಿ' ಎಂಬ ಭಾಗವನ್ನಷ್ಟೇ.

ಪ್ರಕೃತಿ ಬೇರೆ ಪಾಠ ಕಲಿಸುತ್ತಿತ್ತು. 2011ರ ಆಗಸ್ಟ್ 23ರ ಮಧ್ಯಾಹ್ನ ವರ್ಜೀನಿಯಾದ ಮಿನರಲ್ ಬಳಿ 5.8 ತೀವ್ರತೆಯ ಭೂಕಂಪವಾಗಿ ಲೂಯೀಸಾ ಕೌಂಟಿಯ ಹೈಸ್ಕೂಲು ಮತ್ತು ಒಂದು ಪ್ರಾಥಮಿಕ ಶಾಲೆ ಬಳಸಲಾಗದಂತಾದವು. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಎರಡೂವರೆ ಇಂಚು ಹಿಮ. ಆಫೀಸು, ಶಾಲೆ, ಸರ್ಕಾರ ಎಲ್ಲವೂ ಒಂದೇ ಮಧ್ಯಾಹ್ನ ಬಿಟ್ಟವು, ರಸ್ತೆಗಳು ಹೆಪ್ಪುಗಟ್ಟಿದವು. ಮಕ್ಕಳು ಬಸ್ಸಿನಲ್ಲಿ ಸಿಕ್ಕಿಕೊಂಡರು. ಸಾವಿರಾರು ಮಕ್ಕಳು ಜಿಮ್‌ಗಳಲ್ಲಿ, ಗ್ರಂಥಾಲಯಗಳಲ್ಲಿ ಟೀಚರ್‌ಗಳ ಜೊತೆ ರಾತ್ರಿ ಕಳೆದರು. ಇನ್ಸುಲಿನ್ ಬೇಕಾದ ಮಗುವಿನ ರಾತ್ರಿಯ ಡೋಸು ಶಾಲೆಯಲ್ಲಿ ಇದೆಯೇ? ಅಡುಗೆಮನೆಯ ಬೀಗದ ಕೈ ಯಾರ ಬಳಿ? ಸಿದ್ಧತೆ ಎಂದರೆ ಹೆಚ್ಚಿನ ಪಾಲು ಇಂಥವೇ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ನೆರೆ ಉತ್ತರ ಕೆರೊಲಿನಾದ ಆಶ್‌ವಿಲ್‌ನ ನೀರಿನ ಕೊಳವೆಗಳನ್ನೇ ಕೊಚ್ಚಿಕೊಂಡು ಹೋದಾಗ ಶಾಲೆಗಳು ಸುಮಾರು ಒಂದು ತಿಂಗಳು ಮುಚ್ಚಿದ್ದವು. ಕೊನೆಗೆ ಬೋರ್‌ವೆಲ್ ಕೊರೆಸಿ ಬಾಗಿಲು ತೆರೆದರು. ಬರ ಕಂಡ ನಾಡಿನಿಂದ ಬಂದ ನಮಗೆ ಅದು ಥಟ್ಟನೆ ಅರ್ಥವಾಗುವ ಪರಿಹಾರ.

ಹೆಲೀನ್ ಬರುವ ಮೂರು ವಾರ ಮೊದಲು, ಸೆಪ್ಟೆಂಬರ್ 4ರಂದು ಜಾರ್ಜಿಯಾದ ಅಪಾಲಾಚಿ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಗುರುತಿನ ಚೀಟಿಯಲ್ಲೇ ಅಡಗಿದ ಪ್ಯಾನಿಕ್ ಬಟನ್ ವ್ಯವಸ್ಥೆ ಅಲ್ಲಿಗೆ ಬಂದು ಸುಮಾರು ಒಂದು ವಾರವಾಗಿತ್ತು. ಪೊಲೀಸರು ಬೇಗ ಬಂದರು, ಆ ಬಟನ್ ಜೀವ ಉಳಿಸಿತು. ಅದನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ. ಆದರೆ ಹಿಂದಿನ ವರ್ಷವೇ ಆನ್‌ಲೈನ್ ಬೆದರಿಕೆಯ ದೂರಿನ ಮೇಲೆ ಪೊಲೀಸರು ಆರೋಪಿ ಹುಡುಗನನ್ನು ವಿಚಾರಿಸಿ ಬಂದಿದ್ದರು. ಅಂದು ಬೆಳಗ್ಗೆ ಅವನ ತಾಯಿ ಶಾಲೆಗೆ ಫೋನು ಮಾಡಿದ್ದರು. ಸುಳಿವುಗಳಿದ್ದವು, ಅವನ್ನು ಒಟ್ಟುಗೂಡಿಸುವ ಕೈ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಜಾರ್ಜಿಯಾ ತಂದ ಕಾನೂನಿನಲ್ಲಿ ಬಟನ್ ಇದೆ, ಜೊತೆಗೆ ಶಾಲೆ ಬದಲಿಸಿದ ಮಗುವಿನ ದಾಖಲೆ ಬೇಗ ಹಿಂದೆಯೇ ಹೋಗಬೇಕೆಂಬ ನಿಯಮವೂ ಇದೆ. ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಬಟನ್. ನನಗೆ ಮುಖ್ಯವಾದದ್ದು ದಾಖಲೆ.

ಡ್ರಿಲ್‌ನ ನೋವಿನ ಬಗ್ಗೆಯೂ ಅಟ್ಲಾಂಟಾದಿಂದಲೇ ಪುರಾವೆ ಬಂತು. ಜಾರ್ಜಿಯಾ ಟೆಕ್‌ನಲ್ಲಿ ಮುನ್ಮುನ್ ಡಿ ಚೌಧುರಿ ಅವರ ತಂಡ 33 ರಾಜ್ಯಗಳ 114 ಶಾಲೆಗಳ ಸುತ್ತಲಿನ ಸಾಮಾಜಿಕ ಜಾಲತಾಣದ ಬರಹಗಳನ್ನು ಡ್ರಿಲ್‌ಗೆ ಮೊದಲಿನ ಮತ್ತು ನಂತರದ 90 ದಿನಗಳಲ್ಲಿ ಹೋಲಿಸಿ ನೋಡಿತು. ಬಂದೂಕುಧಾರಿಯ ಡ್ರಿಲ್ ಮುಗಿದ ಮೇಲೆ ಖಿನ್ನತೆಯ ಲಕ್ಷಣ ಶೇಕಡಾ 39, ಒತ್ತಡ ಮತ್ತು ಆತಂಕ ಶೇಕಡಾ 42 ಹೆಚ್ಚಿತ್ತು. ಮಕ್ಕಳಿಗೆ ಬೀಗ, ದೀಪ, ಮೌನ ಕಲಿಸಿದರೆ ಸಾಕು. ನಕಲಿ ರಕ್ತ, ಗುಂಡಿನ ಸದ್ದು ಬೇಡವೇ ಬೇಡ.

ಹಾಸನದ ಅಜ್ಜಿಯ ಪ್ರಶ್ನೆ ಬರುವುದು ಇಲ್ಲಿ. ಮಕ್ಕಳನ್ನು ಹೊರಗೆ ತರುವುದಕ್ಕೆ ನೂರು ವರ್ಷದ ವಿದ್ಯೆಯಿದೆ. ಅವರನ್ನು ಮನೆಯವರ ಕೈಗೆ ಒಪ್ಪಿಸುವ ವಿದ್ಯೆ ಇನ್ನೂ ಎಳೆಯದು. 2022ರ ಏಪ್ರಿಲ್ 22ರಂದು ವಾಷಿಂಗ್ಟನ್‌ನ ಎಡ್ಮಂಡ್ ಬರ್ಕ್ ಶಾಲೆಯತ್ತ ಎದುರಿನ ಅಪಾರ್ಟ್‌ಮೆಂಟಿನಿಂದ ಗುಂಡು ಹಾರಿ ನಾಲ್ವರು ಗಾಯಗೊಂಡರು. ಆಮೇಲೆ ತಂದೆತಾಯಿಗಳು ಗಂಟೆಗಟ್ಟಲೆ ಕಾದರು. ಒಪ್ಪಿಸುವ ಮೇಜಿನ ಮುಂದೆ ಗುರುತಿನ ಚೀಟಿ ಕೇಳುತ್ತಾರೆ, ಕಾರ್ಡಿನಲ್ಲಿ ಹೆಸರು ಹುಡುಕುತ್ತಾರೆ. ನಮ್ಮ ಮನೆಗಳಲ್ಲಿ ಅಜ್ಜಿಯ ಹೆಸರಿನ ಜೊತೆ ಅಜ್ಜನ ಹೆಸರಿರುತ್ತದೆ, ಅಪ್ಪನ ಹೆಸರಿನ ಜೊತೆ ಊರಿನ ಹೆಸರು, ಮಗುವಿನ ಹೆಸರಿನ ಮುಂದೆ ಅಪ್ಪನ ಹೆಸರು. ಮೂರು ತಲೆಮಾರು, ಮೂರು ಬೇರೆ ಮನೆತನದಂತೆ ಕಾಣುತ್ತದೆ. ಪಾಸ್‌ಪೋರ್ಟು ಬ್ಯಾಂಕಿನ ಲಾಕರಿನಲ್ಲಿ, ಡ್ರೈವಿಂಗ್ ಲೈಸೆನ್ಸ್ ಇಲ್ಲ, ಇಂಗ್ಲಿಷು ಅಷ್ಟಕ್ಕಷ್ಟೆ. ಶಾಲೆಯ ಮೆಸೇಜು ಹೋಗುವುದು ಮೀಟಿಂಗಿನಲ್ಲಿರುವ ಮಗಳ ಫೋನಿಗೆ. ದಿನವೂ ಬಸ್ ಸ್ಟಾಪಿನಲ್ಲಿ ಮಗುವಿನ ಕೈ ಹಿಡಿಯುವವರು ಮಾತ್ರ ಅಜ್ಜ ಅಜ್ಜಿಯರೇ.

ಇನ್ನೂ ದೊಡ್ಡ ಕಂದಕ ವಾರಾಂತ್ಯದ ಕನ್ನಡ ತರಗತಿಗಳದ್ದು. ವಾಷಿಂಗ್ಟನ್, ಅಟ್ಲಾಂಟಾ, ರಾಲೀ, ಶಾರ್ಲಟ್‌ಗಳಲ್ಲಿ ಬಾಡಿಗೆ ಕೋಣೆಗಳಲ್ಲಿ, ದೇವಸ್ಥಾನಗಳ ನೆಲಮಾಳಿಗೆಗಳಲ್ಲಿ ನಡೆಯುವ ಈ ಶಾಲೆಗಳ ಮೇಲೆ ಕೌಂಟಿಯ ಯಾವ ಡ್ರಿಲ್ ನಿಯಮವೂ ಇಲ್ಲ. ಕೆಲವು ವರ್ಷದ ಹಿಂದೆ ನಾನೇ ಪಾಠ ಹೇಳುತ್ತಿದ್ದ ಇಂಥ ಒಂದು ಕಟ್ಟಡದಲ್ಲಿ ಚಳಿಗಾಲದ ಭಾನುವಾರ ಅಲಾರಾಂ ಹೊಡೆಯಿತು. ನಲವತ್ತರಷ್ಟು ಮಕ್ಕಳನ್ನು ಜಾಕೆಟ್ ಇಲ್ಲದೆ ಪಾರ್ಕಿಂಗ್ ಜಾಗಕ್ಕೆ ತಂದೆವು. ಅಗ್ನಿಶಾಮಕ ದಳದವರು ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದರು. ಹಾಜರಿ ತೆಗೆದುಕೊಂಡಿರಲಿಲ್ಲ, ಎಲ್ಲರೂ ಪರಿಚಯದವರೇ ಅಲ್ಲವೇ ಎಂದುಕೊಂಡಿದ್ದೆವು. ಒಂಬತ್ತು ವರ್ಷದ ಒಬ್ಬ ಹುಡುಗ ಕಾಣಲಿಲ್ಲ. ಅವನ ಅಪ್ಪ ಅರ್ಧಕ್ಕೇ ಬಂದು ಬರ್ತ್‌ಡೇ ಪಾರ್ಟಿಗೆ ಕರೆದುಕೊಂಡು ಹೋಗಿದ್ದಾರೆಂದು ಫೋನಿನಲ್ಲಿ ತಿಳಿಯುವಷ್ಟರಲ್ಲಿ ಇಬ್ಬರು ಸಿಬ್ಬಂದಿ ಉಸಿರಾಟದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅವನಿಗಾಗಿ ಒಳಗೆ ಹೋಗಿದ್ದರು.

ಮುಂದಿನ ಭಾನುವಾರದಿಂದ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಬಂದ ಹೊತ್ತು, ಹೋದ ಹೊತ್ತು, ಕರೆದುಕೊಂಡು ಹೋದವರ ಸಹಿ. ಕೊನೆಯ ಪುಟಗಳಲ್ಲಿ ಪ್ರತಿ ಮಗುವಿನ ಎದುರು ಮೂವರು ದೊಡ್ಡವರ ಹೆಸರು, ಕನ್ನಡದಲ್ಲಿ ಒಮ್ಮೆ, ಪಾಸ್‌ಪೋರ್ಟಿನಲ್ಲಿರುವಂತೆ ಇಂಗ್ಲಿಷಿನಲ್ಲಿ ಒಮ್ಮೆ. ಇಷ್ಟಕ್ಕೆ ಖರ್ಚಾದದ್ದು ಎರಡು ಡಾಲರ್.

ಹಾಸನದ ಅಜ್ಜಿ ಈಗ ಊರಿಗೆ ಹೋಗಿದ್ದಾರೆ. ಬೇಸಿಗೆ ಕಳೆದ ಮೇಲೆ ಬೀಗರು ಬರುತ್ತಾರಂತೆ. ಶಾಲೆಯ ಕಾರ್ಡಿಗೆ ಅವರಿಬ್ಬರ ಹೆಸರು ಸೇರಿಸಿ ಕೊಟ್ಟಿದ್ದೇನೆ ಎಂದು ಅವರ ಮಗಳು ಮೊನ್ನೆ ಮೆಸೇಜು ಮಾಡಿದ್ದರು.