ತಂಪು ನೀರಿನ ನಡುಕ: ನಮ್ಮ ಸೀಮೆಯ ಒಂದು ಚರಿತ್ರೆ



ಊರಿನಲ್ಲಿ ಪಂಪ್‌ಸೆಟ್ ಓಡುವಾಗ ಪೈಪಿನ ಮೇಲೆ ಕೈಯಿಟ್ಟವರಿಗೆ ಅದರ ಜುಮ್ಮೆನ್ನುವ ನಡುಕ ನೆನಪಿರುತ್ತದೆ. ಪಂಪು, ಪೈಪುಗಳನ್ನೇ ನಂಬಿ ಬದುಕಿದ ನಾನು ಇಂದು ಆ ನಡುಕದ ಚರಿತ್ರೆ ಹೇಳುತ್ತೇನೆ. ಅದು ನಾವು ನೆಲೆಸಿರುವ ಚಿಕಾಗೊ, ಡೆಟ್ರಾಯ್ಟ್ ಸೀಮೆಯದೇ ಕಥೆ.

1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯವರ ತಂಡ ಚಿಕಾಗೊ ವಿಶ್ವವಿದ್ಯಾಲಯದ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಮೊದಲ ಅಣು ರಿಯಾಕ್ಟರನ್ನು ನಡೆಸಿತು. ಅಂದು ಹುಟ್ಟಿದ ಶಕ್ತಿ ಬರೀ ಅರ್ಧ ವಾಟ್. ತಂಪು ಮಾಡುವ ವ್ಯವಸ್ಥೆಯೇ ಬೇಕಾಗಲಿಲ್ಲ. ಯಂತ್ರಗಳು ಬೆಳೆದಂತೆ ಬಿಸಿಯೂ ಬೆಳೆಯಿತು. ಬಿಸಿಯನ್ನು ಹೊತ್ತೊಯ್ಯಲು ಹರಿವು ಬೇಕಾಯಿತು. ಹರಿವಿನ ಹಿಂದೆಯೇ ನಡುಕವೂ ಬಂತು.

ಅದರ ಬೆಲೆ ತಿಳಿದದ್ದು ಡೆಟ್ರಾಯ್ಟ್ ಕಡೆ. ಈರಿ ಸರೋವರದ ದಡದ ಮನ್ರೋ ಬಳಿ ಫರ್ಮಿಯವರದೇ ಹೆಸರಿನ ‘ಫರ್ಮಿ 1’ ರಿಯಾಕ್ಟರ್ ಇತ್ತು. ಅದನ್ನು ತಂಪಾಗಿಡುತ್ತಿದ್ದದ್ದು ನೀರಲ್ಲ, ದ್ರವ ಸೋಡಿಯಂ. ಸುರಕ್ಷತೆಗೆಂದೇ ತಳದಲ್ಲಿ ಜಿರ್ಕೋನಿಯಂ ತಗಡುಗಳನ್ನು ಹಾಕಿದ್ದರು. ಹರಿವಿನ ಹೊಡೆತಕ್ಕೆ ಒಂದು ತಗಡು ಸಡಿಲಗೊಂಡು, ಸೋಡಿಯಂನ ದಾರಿಗೇ ಅಡ್ಡವಾಯಿತು. 1966ರ ಅಕ್ಟೋಬರ್ 5ರಂದು ಇಂಧನದ ಎರಡು ಕಂತೆಗಳು ಭಾಗಶಃ ಕರಗಿದವು. ಯಾರಿಗೂ ಗಾಯವಾಗಲಿಲ್ಲ. ಆದರೆ ಆ ತುಣುಕನ್ನು ಹುಡುಕಿ ಹೊರತೆಗೆಯಲು ವರ್ಷಕ್ಕೂ ಹೆಚ್ಚು ಹಿಡಿಯಿತು. 1970ರಲ್ಲಿ ಮತ್ತೆ ಓಡಿದ ರಿಯಾಕ್ಟರ್ 1972ರಲ್ಲಿ ನಿಂತೇಹೋಯಿತು.

ಚಿಕಾಗೊದಲ್ಲಿ ಫರ್ಮಿ ತಂಡದ ಕೆಲಸ ಮುಂದುವರಿದು 1946ರಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವಾಯಿತು. ರಿಯಾಕ್ಟರಿನ ಕೊಳವೆಗಳು ಹರಿವಿಗೆ ಹೇಗೆ ನಡುಗುತ್ತವೆಂದು ಅಲ್ಲಿನ ಎಂಜಿನಿಯರುಗಳು ವರ್ಷಗಟ್ಟಲೆ ಅಳೆದರು. 1990ರ ದಶಕದಲ್ಲಿ 1104 ಮೀಟರ್ ಸುತ್ತಳತೆಯ ಕಣ ವೇಗವರ್ಧಕ, ‘ಅಡ್ವಾನ್ಸ್ಡ್ ಫೋಟಾನ್ ಸೋರ್ಸ್’, ಅಲ್ಲಿ ಸಿದ್ಧವಾಗುವಾಗ ಅದೇ ಅನುಭವ ಕೈಹಿಡಿಯಿತು.

ಈ ವರ್ತುಲದಲ್ಲಿ ಎಲೆಕ್ಟ್ರಾನ್‌ಗಳು ಸುಮಾರು ಬೆಳಕಿನ ವೇಗದಲ್ಲಿ ಸುತ್ತುತ್ತವೆ. ಅವುಗಳನ್ನು ಒಟ್ಟಾಗಿ ಹಿಡಿದಿಡುವ ಅಯಸ್ಕಾಂತಗಳ ತಾಮ್ರದ ಸುರುಳಿ ಟೊಳ್ಳು. ಒಳಗೆ ತಂಪು ನೀರು ಹರಿಯುತ್ತದೆ. ನೀರು ರಭಸವಾಗಿ ತಿರುವುಗಳನ್ನು ದಾಟುವಾಗ ಸುಳಿಯೆದ್ದು ಲೋಹವನ್ನು ಅಲುಗಿಸುತ್ತದೆ. ಪಂಪಿನ ಮಿಡಿತವೂ ಪೈಪಿನಗುಂಟ ಬಂದು ಸೇರುತ್ತದೆ. ನಾಲ್ಕು ಧ್ರುವಗಳ ಅಯಸ್ಕಾಂತದ ನಟ್ಟನಡುವೆ ಸಾಗುವ ಕಿರಣಕ್ಕೆ ಬಾಗು ಇಲ್ಲ. ಅಯಸ್ಕಾಂತ ಎಳ್ಳಷ್ಟು ಸರಿದರೂ ಕಿರಣ ಬಾಗುತ್ತದೆ. ತೆಳುವಾದ ಕಿರಣಕ್ಕೆ ಅದೇ ದೊಡ್ಡ ಪೆಟ್ಟು. ಹರಿವಿನ ವೇಗ ಇಳಿಸುವುದು, ಪಂಪನ್ನು ದೂರವಿಡುವುದು, ಬಾಗುವ ಮೆದುಕೊಳವೆ ಜೋಡಿಸುವುದು ಇದಕ್ಕೆ ಮದ್ದು. ಆರ್ಗಾನ್‌ನಲ್ಲಿ ಅಯಸ್ಕಾಂತಗಳ ಆಧಾರದಡಿ ನಡುಕ ನುಂಗುವ ಪದರಗಳನ್ನೂ ಇಟ್ಟರು. 2023ರ ಏಪ್ರಿಲ್‌ನಲ್ಲಿ ಆ ಯಂತ್ರವನ್ನು ನಿಲ್ಲಿಸಿ, ಇನ್ನೂ ತೆಳುವಾದ ಕಿರಣಕ್ಕಾಗಿ ವರ್ತುಲವನ್ನೇ ಹೊಸದಾಗಿ ಕಟ್ಟಿದರು. ಕಿರಣ ತೆಳುವಾದಷ್ಟೂ ನಡುಕದ ಲೆಕ್ಕ ಬಿಗಿಯಾಗುತ್ತದೆ.

ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಈ ದೇಶಕ್ಕೆ ಹೊಸದಾಗಿ ಬಂದಾಗ, ನಾನಿದ್ದ ಕಾರ್ಖಾನೆಯಲ್ಲಿ ತಂಪು ನೀರಿನ ಪೈಪಿನ ಸದ್ದು ಬದಲಾದದ್ದು ನನ್ನ ಕಿವಿಗೆ ಬಿದ್ದಿತ್ತು. ಹೊಸಬ, ವೀಸಾದ ಚಿಂತೆ, ಇಂಗ್ಲಿಷಿನ ಹಿಂಜರಿಕೆ, ಬಾಯಿ ಬಿಡಲಿಲ್ಲ. ವಾರದೊಳಗೆ ಜಾಯಿಂಟ್ ಕಿತ್ತುಬಂತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು: ಕಾಪಾಡಲೆಂದು ತಂದ ವ್ಯವಸ್ಥೆಯೂ ತನ್ನದೇ ತೊಂದರೆಯನ್ನು ಜೊತೆಗೆ ತರುತ್ತದೆ. ಅದು ಮೊದಲು ಗೊತ್ತಾಗುವುದು ಪೈಪಿನ ಮೇಲೆ ಕೈಯಿಟ್ಟವನಿಗೆ. ಆ ಕೈ ನಿಮ್ಮದಾಗಿದ್ದರೆ ದಯವಿಟ್ಟು ಸುಮ್ಮನಿರಬೇಡಿ.