ಹಳೆಯ ಬಿಬಿಸಿ ಮೈಕ್ರೋ: ಟಿವಿಯಲ್ಲಿ ಸ್ಪಷ್ಟ ಚಿತ್ರ ಪಡೆಯುವ ಬಗೆ

ಬ್ರಿಟನ್ನಿನ ಏಕಾರ್ನ್ ಸಂಸ್ಥೆ 1981ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಬಿಬಿಸಿ ಮೈಕ್ರೋ ಗಣಕ ಭಾರತಕ್ಕೆ ಅಪರಿಚಿತವೇನಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಯೋಜನೆಯಡಿ ನಮ್ಮ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಇಂದು ಅದನ್ನು ಅಟ್ಟದಿಂದಿಳಿಸಿ ಟಿವಿಗೆ ಜೋಡಿಸುವವರಿಗೆ ಮೊದಲು ಕಾಣುವುದು ಮಸುಕು ಅಕ್ಷರಗಳು. ಬಹುಮಟ್ಟಿಗೆ ದೋಷ ಗಣಕದ್ದಲ್ಲ, ಜೋಡಣೆಯದು.

ಮೊದಲಿಗೆ ಒಂದು ಎಚ್ಚರಿಕೆ. ವಿದ್ಯುತ್ ಪೂರೈಕೆ ಪೆಟ್ಟಿಗೆಯಲ್ಲಿರುವ ಫಿಲ್ಟರ್ ಕೆಪಾಸಿಟರ್‌ಗಳು ವಯಸ್ಸಾದಂತೆ ಬಿರುಕುಬಿಟ್ಟು, ಸ್ವಿಚ್ ಹಾಕಿದ ಕೆಲಹೊತ್ತಿನಲ್ಲೇ ದಟ್ಟ ಹೊಗೆ ಉಗುಳುವುದುಂಟು. ಬಲ್ಲವರಿಂದ ಅವನ್ನು ಬದಲಾಯಿಸಿಕೊಂಡ ನಂತರವೇ ಮುಂದುವರಿಯುವುದು ಲೇಸು.

'ಮಾಡೆಲ್ ಬಿ'ಯ ಹಿಂಬದಿಯಲ್ಲಿ ಚಿತ್ರಕ್ಕೆಂದು ಮೂರು ಸಾಕೆಟ್‌ಗಳಿವೆ. ಆಂಟೆನಾ ಕಿಂಡಿಗೆ ಹೋಗುವ ಯುಎಚ್‌ಎಫ್ ಸಾಕೆಟ್ ಅತ್ಯಂತ ದುರ್ಬಲವಾದದ್ದು. ಚಿತ್ರವನ್ನು ಪ್ರಸಾರದ ಅಲೆಯಾಗಿಸಿ 36ನೇ ಚಾನೆಲ್‌ಗೆ ಕಳಿಸುವುದೇ ಅದರ ಕೆಲಸ. ಒಂದು ಸಾಲಿಗೆ 80 ಅಕ್ಷರ, ಅಂದರೆ 640 ಚುಕ್ಕಿಗಳನ್ನು ಮೂಡಿಸುವ 'ಮೋಡ್ 0' ಈ ದಾರಿಯಲ್ಲಿ ಓದಲೇ ಆಗದು. ಡಿಜಿಟಲ್ ಟ್ಯೂನರ್ ಮಾತ್ರ ಇರುವ ಟಿವಿಯಲ್ಲಂತೂ ಏನೂ ಬರುವುದಿಲ್ಲ.

ಎರಡನೆಯದು ಕಾಂಪೋಸಿಟ್ ವಿಡಿಯೋ. ಸಾಮಾನ್ಯವಾಗಿ ಇದರಲ್ಲಿ ಬರುವುದು ಕಪ್ಪು-ಬಿಳುಪು ಚಿತ್ರ. ಬಣ್ಣ ಸೇರಿಸಿದರೆ ಅಕ್ಷರಗಳ ಅಂಚು ಕದಡುತ್ತದೆ. ಬರೀ ಪಠ್ಯ ಓದುವವರಿಗೆ ಕಪ್ಪು-ಬಿಳುಪೇ ಮೇಲು.

ನಿಜವಾದ ಸ್ಪಷ್ಟತೆ ಇರುವುದು 6 ಪಿನ್‌ಗಳ ಆರ್‌ಜಿಬಿ ಸಾಕೆಟ್‌ನಲ್ಲಿ. ಕೆಂಪು, ಹಸಿರು, ನೀಲಿ ಇಲ್ಲಿ ಬೇರೆಬೇರೆ ತಂತಿಗಳಲ್ಲಿ ಹೊರಡುವುದರಿಂದ ಒಂದರೊಡನೊಂದು ಬೆರೆಯುವ ಪ್ರಶ್ನೆಯೇ ಇಲ್ಲ. ಯುರೋಪಿನ ಟಿವಿಗಳಲ್ಲಿ ಬಳಕೆಯಲ್ಲಿದ್ದ 21 ಪಿನ್‌ಗಳ ಸ್ಕಾರ್ಟ್ ಕಿಂಡಿಗೆ ಇದನ್ನು ಕೊಡಬಹುದು. ಆದರೆ ತಂತಿಯನ್ನು ನೇರವಾಗಿ ಬೆಸೆಯುವಂತಿಲ್ಲ. ಗಣಕದ ಸಂಕೇತ 5 ವೋಲ್ಟ್ ತರ್ಕಮಟ್ಟದ್ದು. ಸ್ಕಾರ್ಟ್ ನಿರೀಕ್ಷಿಸುವುದು ಸುಮಾರು 0.7 ವೋಲ್ಟ್. ನಡುವೆ ರೆಸಿಸ್ಟರ್‌ಗಳಿಲ್ಲದಿದ್ದರೆ ಟಿವಿಗೇ ಕುತ್ತು. ಈ ಗಣಕಕ್ಕೆಂದೇ ತಯಾರಾದ ಕೇಬಲ್ ಕೊಳ್ಳುವುದು ಕ್ಷೇಮ.

ಭಾರತದ ಟಿವಿಗಳಲ್ಲಿ ಸ್ಕಾರ್ಟ್ ಅಪರೂಪ. ಹಾಗೆಂದು ಅಗ್ಗದ ಕಾಂಪೋಸಿಟ್-ಎಚ್‌ಡಿಎಂಐ ಪೆಟ್ಟಿಗೆಗೆ ಹಣ ಸುರಿಯಬೇಕಿಲ್ಲ. ಮೊದಲೇ ಕೆಟ್ಟ ಚಿತ್ರವನ್ನು ಅದು ಹಿಗ್ಗಿಸಿ ತೋರಿಸುತ್ತದೆ, ಅಷ್ಟೆ. ರಾಸ್ಪ್‌ಬೆರಿ ಪೈ ಝೀರೋ ಬಳಸುವ 'ಆರ್‌ಜಿಬಿಟುಎಚ್‌ಡಿಎಂಐ' ಎಂಬ ಮುಕ್ತ ವಿನ್ಯಾಸದ ಫಲಕ ಉತ್ತಮ ಆಯ್ಕೆ. ಬಿಬಿಸಿ ಮೈಕ್ರೋದ 8 ಬಣ್ಣಗಳೂ ಮೂರು ತಂತಿಗಳ ಇದೆ-ಇಲ್ಲ ಸ್ಥಿತಿಗಳಿಂದಲೇ ಹುಟ್ಟುವುದರಿಂದ ಈ ಫಲಕ ಪ್ರತಿ ಚುಕ್ಕಿಯನ್ನೂ ಇದ್ದಂತೆಯೇ ಹಿಡಿಯಬಲ್ಲದು.

ಜೋಡಣೆಯ ಬಳಿಕ ಟಿವಿಯ ಚಿತ್ರ ಅನುಪಾತವನ್ನು 4:3ಕ್ಕೆ ಇಡಬೇಕು. ಇಲ್ಲವಾದರೆ ವೃತ್ತಗಳು ಅಡ್ಡಲಾಗಿ ಹಿಗ್ಗಿ ಮೊಟ್ಟೆಯಂತೆ ಕಾಣುತ್ತವೆ.